ಮೊದಲು ಕಾನ್ಪುರ, ಆಮೇಲೆ ಬೆಂಗಳೂರು: ಮೊಬೈಲಿನಲ್ಲಿ ಲಿಬರೇಟರ್ ಕಟ್ಟುವ ಬಗೆ

ವಿಮಾನ ಕಟ್ಟುವ ಆಟಗಳಲ್ಲಿ ಎರಡನೇ ಮಹಾಯುದ್ಧದ ಭಾರೀ ಬಾಂಬರ್ ಮಾಡಬೇಕೆಂದು ಹೊರಟವರು ಸಾಮಾನ್ಯವಾಗಿ ಮೊದಲು ಕೈಹಾಕುವುದು ಬ್ರಿಟನ್ನಿನ ಲಂಕಾಸ್ಟರ್‌ಗೆ, ಇಲ್ಲವೇ ಅಮೆರಿಕದ ಬಿ-17ಕ್ಕೆ. ಎರಡೂ ಸಿನಿಮಾಗಳಲ್ಲಿ ಮೆರೆದವು, ಎರಡರ ಚಿತ್ರಗಳೂ ಬೇಕಾದಷ್ಟು ಸಿಗುತ್ತವೆ. ನನ್ನ ಶಿಫಾರಸು ಬೇರೆ. ಕಟ್ಟುವುದಾದರೆ ಬಿ-24 ಲಿಬರೇಟರ್ ಕಟ್ಟಿ. ನಮ್ಮ ರಾಜ್ಯದ ನೆಲದಲ್ಲಿ ಹಾರಿ, ನಮ್ಮವರ ಕೈಯಲ್ಲಿ ರಿಪೇರಿಯಾಗಿ, ಮತ್ತೆ 20 ವರ್ಷ ದುಡಿದ ಬಾಂಬರ್ ಅದು.

ನೋಡಲು ಚೆಂದದ ವಿಮಾನವೇನಲ್ಲ. ಚಪ್ಪಟೆ ಪಕ್ಕೆಯ ದಪ್ಪ ಹೊಟ್ಟೆ, ಬೆನ್ನಿನ ಹತ್ತಿರ ಕೂರಿಸಿದ ಉದ್ದನೆಯ ತೆಳು ರೆಕ್ಕೆ, ಹಿಂದೆ ಎರಡು ಮೊಟ್ಟೆಯಾಕಾರದ ಬಾಲದ ಹಲಗೆ. ಹಾರಿಸುವವರೇ ಅದನ್ನು ಹಾರುವ ಗೂಡ್ಸ್ ಡಬ್ಬಿ ಎಂದು ಹಂಗಿಸುತ್ತಿದ್ದರು. ಆದರೂ 1939ರ ಡಿಸೆಂಬರ್ 29ರಂದು ಮೊದಲು ಹಾರಿದ ಈ ಜಾತಿಯ 18,000ಕ್ಕೂ ಹೆಚ್ಚು ವಿಮಾನಗಳು ತಯಾರಾದವು. ಅಷ್ಟು ಸಂಖ್ಯೆಯಲ್ಲಿ ಬೇರೆ ಯಾವ ಭಾರೀ ಬಾಂಬರೂ ತಯಾರಾಗಿಲ್ಲ. ಫೋರ್ಡ್ ಕಂಪನಿಯ ವಿಲ್ಲೋ ರನ್ ಕಾರ್ಖಾನೆಯಿಂದ ಒಂದು ಹಂತದಲ್ಲಿ ಗಂಟೆಗೊಂದರಂತೆ ಹೊರಬರುತ್ತಿದ್ದವಂತೆ.

ಕರ್ನಾಟಕದ ಸಂಬಂಧ ಶುರುವಾಗುವುದು ಕೋಲಾರದಿಂದ. ಯುದ್ಧಕಾಲದಲ್ಲಿ ಅಲ್ಲಿದ್ದ ವಿಮಾನ ನೆಲೆಯಲ್ಲಿ ಬ್ರಿಟಿಷ್ ವಾಯುಪಡೆ ತನ್ನ ಪೈಲಟ್‌ಗಳಿಗೆ ಲಿಬರೇಟರ್ ಹಾರಿಸುವ ತರಬೇತಿ ಕೊಡುತ್ತಿತ್ತು. 1944ರ ನವೆಂಬರ್‌ನಲ್ಲಿ ಅದರ 358ನೇ ಸ್ಕ್ವಾಡ್ರನ್ ಹುಟ್ಟಿದ್ದೂ ಕೋಲಾರದಲ್ಲೇ. ಇತ್ತ ಬೆಂಗಳೂರಿನಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಬೆಂಬಲದೊಂದಿಗೆ 1940ರ ಡಿಸೆಂಬರ್‌ನಲ್ಲಿ ಶುರುಮಾಡಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ (ಎಚ್‌ಎಎಲ್) ಕಾರ್ಖಾನೆ 1943ರಲ್ಲಿ ಅಮೆರಿಕದ ಸೇನೆಯ ರಿಪೇರಿ ಡಿಪೋ ಆಯಿತು. ನೀರಿನ ಮೇಲೆ ಇಳಿಯುವ ಕ್ಯಾಟಲೀನಾಗಳು ಬೆಳ್ಳಂದೂರು ಕೆರೆಗೆ ಇಳಿದು ರಿಪೇರಿಗೆ ಬರುತ್ತಿದ್ದವು. ಇಂದಿನ ಬೆಳ್ಳಂದೂರಿನ ನೊರೆ ನೋಡಿದವರಿಗೆ ನಂಬುವುದು ಕಷ್ಟ.

ಯುದ್ಧ ಮುಗಿಯಿತು. ಅಮೆರಿಕದಿಂದ ಬ್ರಿಟನ್ನಿಗೆ ಎರವಲಾಗಿ ಬಂದಿದ್ದ ಲಿಬರೇಟರ್‌ಗಳನ್ನು ಹಿಂದಿರುಗಿಸಬೇಕಿತ್ತು, ಇಲ್ಲವೇ ಹಾರದಂತೆ ಮಾಡಬೇಕಿತ್ತು. ಅವುಗಳಲ್ಲಿ ಬಹಳಷ್ಟನ್ನು ಕಾನ್ಪುರದಲ್ಲಿ ರಾಶಿಹಾಕಿ ಹಾಳುಗೆಡವಿ ಬಿಟ್ಟುಹೋದರು. 1948ರಲ್ಲಿ ಭಾರತಕ್ಕೆ ಭಾರೀ ಬಾಂಬರ್ ಬೇಕಾದಾಗ ಎಚ್‌ಎಎಲ್‌ನವರು ಆ ಗುಜರಿಯ ಕಡೆ ಕಣ್ಣುಹಾಕಿದರು. ಅವರು ಅನುಸರಿಸಿದ ಕ್ರಮವನ್ನು ಗಮನಿಸಬೇಕು. ಕಾನ್ಪುರದ ಬಯಲಿನಲ್ಲಿ ಒಂದೊಂದನ್ನೂ ಹೇಗೋ ಹಾರುವ ಮಟ್ಟಕ್ಕೆ ತಂದರು, ಅಷ್ಟೇ. ಪರೀಕ್ಷಾ ಪೈಲಟ್ ಜಮ್ಷೆಡ್ ಮುನ್ಷಿ ಅವನ್ನು ಬೆಂಗಳೂರಿಗೆ ಹಾರಿಸಿಕೊಂಡು ಬಂದರು. ಪೂರ್ತಿ ಬಿಚ್ಚಿ, ತಿದ್ದಿ, ಹೊಸದರಂತೆ ಮಾಡಿದ್ದು ಇಲ್ಲಿ. ಹೀಗೆ ಎದ್ದುನಿಂತವು ನಲವತ್ತರ ಆಸುಪಾಸು. 1948ರ ನವೆಂಬರ್‌ನಲ್ಲಿ ಭಾರತೀಯ ವಾಯುಪಡೆಯ 5ನೇ ಸ್ಕ್ವಾಡ್ರನ್ ಇವುಗಳೊಂದಿಗೆ ಶುರುವಾಯಿತು. 6ನೇ ಸ್ಕ್ವಾಡ್ರನ್ ಇವನ್ನು ಸಮುದ್ರ ಕಾವಲಿಗೆ 1968ರವರೆಗೂ ಬಳಸಿತು.

ಆಟದಲ್ಲಿ ಕಟ್ಟುವವರಿಗೂ ನಾನು ಹೇಳುವುದು ಇದೇ ಕ್ರಮ. ಮೊದಲು ಕಾನ್ಪುರ, ಆಮೇಲೆ ಬೆಂಗಳೂರು. ಅಂದರೆ ಮೊದಲು ಹಾರಬೇಕು, ಚೆಂದ ಆಮೇಲೆ. ನಮ್ಮ ಹುಡುಗರು ಮಾಡುವುದು ಇದಕ್ಕೆ ಪೂರಾ ಉಲ್ಟಾ. ಮೂತಿಯ ಗಾಜು, ಬಂದೂಕು, ಬಣ್ಣ ಎಲ್ಲ ಮುಗಿಸಿ ರನ್‌ವೇಗೆ ತರುತ್ತಾರೆ, ಅಲ್ಲಿ ಅದು ಮಗುಚಿ ಬೀಳುತ್ತದೆ. ಯಾವ ಭಾಗ ತಪ್ಪಿತೆಂದು ಹುಡುಕುವಷ್ಟರಲ್ಲಿ ರಜೆ ಮುಗಿದಿರುತ್ತದೆ.

ಇಲ್ಲಿ ಹೇಳುವುದೆಲ್ಲ ಜಂಡ್ರೂ ಕಂಪನಿಯ ಸಿಂಪಲ್‌ಪ್ಲೇನ್ಸ್ ಆಟವನ್ನು ಕಣ್ಣಮುಂದೆ ಇಟ್ಟುಕೊಂಡು. ಫೋನಿನಲ್ಲೂ ಕಂಪ್ಯೂಟರಿನಲ್ಲೂ ಆಡಬಹುದು, ಕಟ್ಟುವುದಕ್ಕೆ ನೆಟ್‌ವರ್ಕ್ ಬೇಡ. ಮಳೆಗಾಲದಲ್ಲಿ ಹಳ್ಳಿ ಕಡೆಯ ಟವರ್ ನಂಬಿಕೊಂಡವರಿಗೆ ಅದು ದೊಡ್ಡ ಅನುಕೂಲ. ಬೇರೆ ಆಟ ಆಡುವವರಿಗೆ ಗುಂಡಿಗಳ ಹೆಸರು ಬೇರೆಯಾದೀತು, ಲೆಕ್ಕ ಬದಲಾಗುವುದಿಲ್ಲ.

ಮೊದಲ ಕೆಲಸ, ಮೂರು ನೋಟದ ನಕ್ಷೆ ಹುಡುಕುವುದು. ಮೇಲಿನಿಂದ, ಪಕ್ಕದಿಂದ, ಮುಂದಿನಿಂದ. ಬಿ-24ರಲ್ಲಿ ಹಲವು ಮಾದರಿಗಳಿವೆ. ಮೂತಿಯಲ್ಲಿ ಬಂದೂಕಿನ ಗೋಪುರ ಇರುವ ಜೆ ಮಾದರಿಯ ನಕ್ಷೆಯನ್ನೇ ತೆಗೆದುಕೊಳ್ಳಿ, ನಮ್ಮ ವಾಯುಪಡೆಯ ಲಿಬರೇಟರ್‌ಗಳೂ ಹೆಚ್ಚಾಗಿ ಅದೇ ಬಗೆಯವು. ಒಂಟಿ ಬಾಲದ ಪ್ರೈವೆಟಿಯರ್ ಇದರ ದಾಯಾದಿ. ಅದರ ನಕ್ಷೆ ಬೆರೆತರೆ ಉದ್ದದ ಲೆಕ್ಕವೆಲ್ಲ ಹಾಳು. ಆಟದ ಬ್ಲೂಪ್ರಿಂಟ್ ಸೌಲಭ್ಯದಲ್ಲಿ ಈ ಚಿತ್ರಗಳನ್ನು ಹಿನ್ನೆಲೆಗೆ ಇಟ್ಟುಕೊಳ್ಳಬಹುದು. ನಕ್ಷೆಯ ಮೇಲೆ ಬ್ಲಾಕ್ ಇಟ್ಟು ಎಳೆಯುತ್ತಾ ಹೋದರೆ ಆಕಾರ ತಾನಾಗಿ ಬರುತ್ತದೆ. ಚಿತ್ರದ ಅಳತೆ ಸರಿಯಿದೆಯೇ ಎಂದು ಕಣ್ಣಂದಾಜಿನಲ್ಲಿ ನಿರ್ಧರಿಸಬೇಡಿ. ವಿಮಾನದ ಮಾಹಿತಿ ಕಿಟಕಿಯಲ್ಲಿ ರೆಕ್ಕೆಯ ಹರವು, ಉದ್ದ, ಎತ್ತರ, ತೂಕ, ರೆಕ್ಕೆಯ ಕ್ಷೇತ್ರ ಎಲ್ಲವೂ ಕಾಣುತ್ತದೆ. ಗುರಿ ಇದು: ಹರವು 33.5 ಮೀಟರ್, ಉದ್ದ 20.6 ಮೀಟರ್, ಎತ್ತರ ಸುಮಾರು 5.5 ಮೀಟರ್, ರೆಕ್ಕೆಯ ಕ್ಷೇತ್ರ 97.4 ಚದರ ಮೀಟರ್, ಖಾಲಿ ತೂಕ ಸುಮಾರು 16,500 ಕಿಲೋ, ಹೇರು ತುಂಬಿದ ತೂಕ ಸುಮಾರು 25,000 ಕಿಲೋ.

ಫೋನ್ ಹಳೆಯದಾಗಿದ್ದರೆ ಅರ್ಧ ಅಳತೆಯಲ್ಲಿ ಕಟ್ಟುವ ಆಸೆ ಬರುತ್ತದೆ. ಕಟ್ಟಿ, ತಪ್ಪಲ್ಲ. ಆದರೆ ಎಲ್ಲವನ್ನೂ ಅರ್ಧ ಮಾಡುವುದಲ್ಲ. ಉದ್ದ ಅರ್ಧವಾದರೆ ರೆಕ್ಕೆಯ ಕ್ಷೇತ್ರ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ, ತೂಕ ಎಂಟನೇ ಒಂದು ಭಾಗಕ್ಕೆ. ಅಂದರೆ 16.75 ಮೀಟರ್ ಹರವಿನ ಮಾದರಿಗೆ ಹೇರು ತುಂಬಿದ ತೂಕ 3,100 ಕಿಲೋ ಆಸುಪಾಸು ಇರಬೇಕು. ಅದಕ್ಕೆ 12,500 ಕಿಲೋ ಹೇರಿದರೆ ಕಲ್ಲು ಹಾರಿಸಿದಂತೆ ಆಗುತ್ತದೆ. ಇನ್ನೊಂದು ವಿಷಯ, ಅರ್ಧ ಅಳತೆ ಮಾಡಿದ ಮಾತ್ರಕ್ಕೆ ಫೋನಿಗೆ ಹಗುರವಾಗುವುದಿಲ್ಲ. ಫೋನ್ ಬಿಸಿಯಾಗುವುದು ಭಾಗಗಳ ಸಂಖ್ಯೆಯಿಂದ. ಸಾಧಾರಣ ಫೋನಿನಲ್ಲಿ 200 ಭಾಗದೊಳಗೆ ಮುಗಿಸುವ ಹಟ ಇರಲಿ.

ಈಗ ರೆಕ್ಕೆ. ಲಿಬರೇಟರ್‌ನ ಜೀವ ಇರುವುದು ಅಲ್ಲೇ. ಡೇವಿಡ್ ಡೇವಿಸ್ ಎಂಬಾತ ರೂಪಿಸಿದ ಅಡ್ಡಕೊಯ್ತದ ಆಕಾರ ಇದರದ್ದು. ಉದ್ದ ಹೆಚ್ಚು, ಅಗಲ ಕಡಿಮೆ. ಹರವಿನ ವರ್ಗವನ್ನು ಕ್ಷೇತ್ರದಿಂದ ಭಾಗಿಸಿದರೆ ಲಿಬರೇಟರ್‌ಗೆ 11.5 ಬರುತ್ತದೆ, ಲಂಕಾಸ್ಟರ್‌ಗೆ 8, ಬಿ-17ಕ್ಕೆ ಏಳೂವರೆ. ಈ ಸಂಖ್ಯೆ ದೊಡ್ಡದಾದಷ್ಟೂ ವಿಮಾನ ಕಡಿಮೆ ಇಂಧನದಲ್ಲಿ ದೂರ ಹೋಗುತ್ತದೆ. 1944ರ ಅಕ್ಟೋಬರ್ 27ರಂದು ಬಂಗಾಳದ ದಿಗ್ರಿ ನೆಲೆಯಿಂದ ಹೊರಟ 159ನೇ ಸ್ಕ್ವಾಡ್ರನ್ನಿನ 15 ಲಿಬರೇಟರ್‌ಗಳು ಮಲಯದ ಪೆನಾಂಗ್ ಬಂದರಿನಲ್ಲಿ ನೆಲಬಾಂಬಿನಂಥ ನೀರ್ಬಾಂಬುಗಳನ್ನು ಬಿತ್ತಿ ವಾಪಸಾದವು. ಹೋಗಿಬರುವ ದಾರಿ 3,000 ಮೈಲಿಗೂ ಹೆಚ್ಚು. ಈ ರೆಕ್ಕೆ ಇಲ್ಲದಿದ್ದರೆ ಅದು ಆಗುವ ಮಾತಲ್ಲ. ಇದಕ್ಕೆ ತೆತ್ತ ಬೆಲೆಯೂ ಇದೆ. ಒಂದೊಂದು ಚದರ ಮೀಟರ್ ರೆಕ್ಕೆಯ ಮೇಲೆ 250 ಕಿಲೋಗೂ ಹೆಚ್ಚು ಭಾರ ಬೀಳುತ್ತದೆ. ಬಿ-17ರಲ್ಲಿ ಅದು 190 ಕಿಲೋ ಒಳಗೆ. ಹಾಗಾಗಿ ಲಿಬರೇಟರ್ ನಿಧಾನಕ್ಕೆ ಹಾರಲು ಒಪ್ಪುವುದಿಲ್ಲ, ವೇಗ ಇಳಿದರೆ ಬೇಗ ಕೈಬಿಡುತ್ತದೆ. ನಿಮ್ಮ ಮಾದರಿಯೂ ಹಾಗೇ ಮಾಡಿದರೆ ಗಾಬರಿ ಬೇಡ, ಸರಿಯಾಗಿ ಕಟ್ಟಿದ್ದೀರಿ ಎಂದೇ ಅರ್ಥ.

ಆಟದಲ್ಲಿ ರೆಕ್ಕೆಯನ್ನು ಬುಡದಲ್ಲಿ 4.2 ಮೀಟರ್, ತುದಿಯಲ್ಲಿ 1.6 ಮೀಟರ್ ಅಗಲ ಇಟ್ಟು ನೋಡಿ. ಸರಾಸರಿ 2.9, ಅದನ್ನು 33.5ರಿಂದ ಗುಣಿಸಿದರೆ 97 ಚದರ ಮೀಟರ್. ಕ್ಷೇತ್ರ ಕೂಡಿಬಂತು. ಒಂದು ಬದಿಗೆ ಎಂಟು ಹತ್ತು ತುಂಡು ಜೋಡಿಸಬೇಡಿ, ಪ್ರತಿ ಕೀಲೂ ಹಾರುವಾಗ ಅಲುಗಾಡುತ್ತದೆ. ಬುಡದಿಂದ ಹೊರಗಿನ ಎಂಜಿನ್‌ವರೆಗೆ ಒಂದು, ಅಲ್ಲಿಂದ ತುದಿಗೆ ಇನ್ನೊಂದು, ಆಟ ಬಿಡುವಷ್ಟು ದೊಡ್ಡ ತುಂಡುಗಳಲ್ಲಿ ಮುಗಿಸಿ. ಅಡ್ಡಕೊಯ್ತ ಅರೆ-ಸಮ ಆಕಾರದ್ದಿರಲಿ. ಎರಡೂ ಕಡೆ ಒಂದೇ ಸಮ ಇರುವ ಆಕಾರ ಆರಿಸಿದರೆ ಮೂತಿ ಸದಾ ಮೇಲೆತ್ತಿಕೊಂಡೇ ಹಾರಬೇಕಾಗುತ್ತದೆ. ಬುಡವನ್ನು ಎರಡು ಮೂರು ಡಿಗ್ರಿ ಮೇಲಕ್ಕೆ ತಿರುಗಿಸಿ, ತುದಿ ಬುಡಕ್ಕಿಂತ ತುಸು ಎತ್ತರದಲ್ಲಿರಲಿ. ಒಂದು ಬದಿ ಮಾಡಿ ಮಿರರ್ ಒತ್ತಿದರೆ ಇನ್ನೊಂದು ಬದಿ ಸಿದ್ಧ.

ರೆಕ್ಕೆ ಆದಮೇಲೆ ಹೊಟ್ಟೆಯನ್ನು ಐದಾರು ಬ್ಲಾಕಿನಲ್ಲಿ ಒರಟಾಗಿ ಎಳೆದುಬಿಡಿ. ಬಾಲ, ಎಂಜಿನ್, ಗಾಲಿ ಸಿಕ್ಕಿಸಿ. ಒಳ್ಳೆಯದು ಕೆಟ್ಟದ್ದು ನೋಡಬೇಡಿ. ಇದು ನಿಮ್ಮ ಕಾನ್ಪುರ. ಇಲ್ಲಿ ಒಂದೇ ಪ್ರಶ್ನೆ: ತೂಕ ಎಲ್ಲಿ ಕೂತಿದೆ?

ಕಟ್ಟುವ ಪರದೆಯಲ್ಲಿ ಮೂರು ಗುಂಡುಗಳನ್ನು ತೋರಿಸುವ ಆಯ್ಕೆ ಇದೆ. ಕೆಂಪು ತೂಕದ ಕೇಂದ್ರ, ನೀಲಿ ಎತ್ತುವ ಬಲದ ಕೇಂದ್ರ, ಹಳದಿ ಎಂಜಿನ್ ತಳ್ಳುವ ಬಲದ ಕೇಂದ್ರ. ಕೆಂಪು ಯಾವಾಗಲೂ ನೀಲಿಗಿಂತ ಮುಂದಿರಬೇಕು, ಆದರೆ ಬಹಳ ಮುಂದಲ್ಲ. ಒಳ್ಳೆಯ ಜಾಗ ರೆಕ್ಕೆಯ ಅಗಲದ ಮುಂದಿನ ಕಾಲುಭಾಗದಿಂದ ಮೂರನೇ ಒಂದು ಭಾಗದ ನಡುವೆ. ಕೆಂಪು ಹಿಂದೆ ಸರಿದರೆ ವಿಮಾನ ನೆಲ ಬಿಟ್ಟ ಕೂಡಲೇ ಮೂತಿ ಎತ್ತಿ ಹಿಂದಕ್ಕೆ ಮಗುಚುತ್ತದೆ. ತೀರಾ ಮುಂದೆ ಹೋದರೆ ರನ್‌ವೇ ಮುಗಿದರೂ ಮೂತಿ ಏಳುವುದಿಲ್ಲ.

ಅಣ್ಣನ ಮಗ ಹೋದ ರಜೆಯಲ್ಲಿ ಬೆಂಗಳೂರಿಂದ ಬಂದವನು ಫೋನು ಹಿಡಿದುಕೊಂಡು ಅಡಿಕೆ ಅಟ್ಟದ ಹತ್ತಿರ ಬಂದ. 'ಅಪ್ಪಚ್ಚಿ, ಇದು ಬಾಲದ ಮೇಲೆ ಕೂತ್ಕಂಜು ನೋಡು.' ನೋಡಿದರೆ ನಿಜ, ಮುಂದಿನ ಗಾಲಿ ಗಾಳಿಯಲ್ಲಿ, ಬಾಲ ನೆಲದಲ್ಲಿ. 'ಮೂತಿಗೆ ತೂಕ ಹಾಕಿದ್ಯನಾ ಮಾಣಿ?' ಅಂದೆ. 'ಇಲ್ಲೆ.' ಅವನಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ಅದು ಅವನ ವಿಮಾನದ ರೋಗ ಮಾತ್ರವಲ್ಲ, ಅಸಲಿ ಲಿಬರೇಟರ್‌ಗೂ ಇತ್ತು. ಮೂತಿಯ ಕೆಳಗೆ ಒಂದು ಗಾಲಿ, ರೆಕ್ಕೆಯ ಕೆಳಗೆ ಎರಡು. ಹೀಗೆ ಮುಂಗಾಲಿ ಇರುವ ವಿಮಾನದಲ್ಲಿ ನಾಲ್ಕು ಜನ ಹಿಂದಕ್ಕೆ ಹೋದರೆ ಬಾಲ ಕೆಳಕ್ಕೆ ಬರುತ್ತದೆ. ಅದಕ್ಕೇ ನಿಲ್ಲಿಸಿದಾಗ ಬಾಲದಡಿ ಊರೆ ಕೊಡುತ್ತಿದ್ದರು. ಆಟದಲ್ಲಿ ಊರೆ ಕೊಡುವುದಕ್ಕಿಂತ ಎರಡು ಕೆಲಸ ಮಾಡಿ. ಮೂತಿಯ ಬ್ಲಾಕಿನಲ್ಲಿ ಡೆಡ್ ವೇಟ್ ಸ್ಲೈಡರ್ ಎಳೆದು ಕೆಂಪು ಗುಂಡನ್ನು ಮುಂದಕ್ಕೆ ತನ್ನಿ. ರೆಕ್ಕೆಯಡಿಯ ಗಾಲಿಗಳನ್ನು ಆ ಕೆಂಪು ಗುಂಡಿಗಿಂತ ಸ್ವಲ್ಪವೇ ಹಿಂದೆ ಇಡಿ, ಒಂದು ಮೊಳದಷ್ಟು ಸಾಕು. ಹೆಚ್ಚು ಹಿಂದೆ ಇಟ್ಟರೆ ಏರುವಾಗ ಮೂತಿ ಎತ್ತಲು ಆಗುವುದಿಲ್ಲ.

ಆಟದಲ್ಲಿ ಆಕಾರ ಕೂಡಿಬಂದರೂ ತೂಕ ತಾನಾಗಿ ಕೂಡಿಬರುವುದಿಲ್ಲ. ಮಾಹಿತಿ ಕಿಟಕಿ ನೋಡುತ್ತಾ ಖಾಲಿ ತೂಕ 16,500ರ ಹತ್ತಿರ ಬರುವವರೆಗೆ ಡೆಡ್ ವೇಟ್ ಹಂಚಿ. ಎಲ್ಲವನ್ನೂ ಮೂತಿಗೇ ತುರುಕಬೇಡಿ. ಎಂಜಿನ್ ಗೂಡುಗಳಿಗೆ, ರೆಕ್ಕೆಯ ನಡುಭಾಗಕ್ಕೆ ಹೆಚ್ಚು, ಮೂತಿಗೆ ಸಮತೋಲಕ್ಕೆ ಬೇಕಾದಷ್ಟು. ಇಂಧನವನ್ನು ಮಾತ್ರ ಎಲ್ಲೆಂದರಲ್ಲಿ ತುಂಬಬಾರದು, ಅದು ಹಾರುತ್ತಾ ಖಾಲಿಯಾಗುತ್ತದೆ. ಮೂತಿಯಲ್ಲಿ ತುಂಬಿದರೆ ಹೊರಡುವಾಗ ಸರಿಯಿದ್ದ ವಿಮಾನ ಅರ್ಧ ದಾರಿಯಲ್ಲಿ ಮೂತಿ ಎತ್ತಲು ಶುರುಮಾಡುತ್ತದೆ. ಕೆಂಪು ಗುಂಡಿನ ಆಚೀಚೆಯೇ ಇಂಧನ ಇರಲಿ. ಟ್ಯಾಂಕ್ ತುಂಬಿಸಿ ಒಮ್ಮೆ, ಬರಿದು ಮಾಡಿ ಒಮ್ಮೆ ಗುಂಡಿನ ಜಾಗ ನೋಡಿ. ಹೆಚ್ಚು ಕದಲದಿದ್ದರೆ ಅರ್ಧ ಗೆದ್ದಂತೆ. ಬಾಂಬಿಗೂ ಇದೇ ಮಾತು. ಅಸಲಿ ವಿಮಾನದಲ್ಲಿ ಬಾಂಬಿನ ಕೋಣೆ ರೆಕ್ಕೆಯ ಕೆಳಗೇ ಇದೆ, ಹಿಂದೊಂದು ಮುಂದೊಂದು. ಬಾಂಬು ಬಿದ್ದ ಮೇಲೆ ವಿಮಾನ ಹಗುರಾಗಬೇಕೇ ಹೊರತು ವಾಲಬಾರದು.

ಎಂಜಿನ್ ನಾಲ್ಕು, ಪ್ರಾಟ್ ಅಂಡ್ ವಿಟ್ನಿಯ 14 ಸಿಲಿಂಡರಿನ ಟ್ವಿನ್ ವಾಸ್ಪ್, ಒಂದೊಂದಕ್ಕೆ 1,200 ಅಶ್ವಶಕ್ತಿ. ಆಟದ ಪ್ರೊಪೆಲ್ಲರ್ ಎಂಜಿನ್‌ನ ಶಕ್ತಿಯನ್ನು ಅದರ ಹತ್ತಿರಕ್ಕೆ ತನ್ನಿ. ಮೂರು ಅಲಗು, ವ್ಯಾಸ ಮೂರೂವರೆ ಮೀಟರ್. ಏರಲಿಲ್ಲ ಎಂದು ಶಕ್ತಿ ಹೆಚ್ಚಿಸಿಕೊಂಡು ಹೋಗುವುದು ಈ ಆಟದ ಸಾಮಾನ್ಯ ಚಟ. ಅದರಿಂದ ಜೆಟ್‌ನಂತೆ ಓಡುವ ಬಾಂಬರ್ ಸಿಗುತ್ತದೆ, ಲಿಬರೇಟರ್ ಸಿಗುವುದಿಲ್ಲ. ಅಸಲಿಯ ಗರಿಷ್ಠ ವೇಗ ಎತ್ತರದಲ್ಲಿ ಗಂಟೆಗೆ 470 ಕಿಲೋಮೀಟರ್ ಆಸುಪಾಸು, ಕೆಳಮಟ್ಟದಲ್ಲಿ ಇನ್ನೂ ಕಡಿಮೆ. ನಿಮ್ಮದು 600 ದಾಟಿದರೆ ಎಲ್ಲೋ ಮೋಸ ನಡೆದಿದೆ. ನಾಲ್ಕೂ ಪ್ರೊಪೆಲ್ಲರ್ ಒಂದೇ ದಿಕ್ಕಿಗೆ ತಿರುಗುತ್ತಿದ್ದವು. ಇದರಿಂದ ವಿಮಾನ ಒಂದು ಬದಿಗೆ ಎಳೆದರೆ ಟ್ರಿಮ್ ಕೊಟ್ಟು ಸರಿಮಾಡಿ. ಚಿಕ್ಕವರು ಕಟ್ಟುತ್ತಿದ್ದರೆ ಒಂದು ಬದಿಯ ಎರಡನ್ನು ತಿರುವಿ ಹಾಕಲಿ, ಯಾರೂ ಕೇಸು ಹಾಕುವುದಿಲ್ಲ.

ಈ ಒರಟು ರೂಪದಲ್ಲೇ ಹಾರಿಸಿ ನೋಡಿ. ಖಾಲಿ ತೂಕದಲ್ಲಿ ಮೊದಲು, ಅರ್ಧ ಇಂಧನದಲ್ಲಿ ಆಮೇಲೆ, ಪೂರ್ತಿ ಹೇರಿನಲ್ಲಿ ಕೊನೆಗೆ. ಫ್ಲಾಪ್‌ಗೆ ವಿಟಿಒಎಲ್ ಸ್ಲೈಡರನ್ನು ಕೊಂಡಿ ಹಾಕಿದರೆ ಬೇಕಾದಷ್ಟೇ ಇಳಿಸಬಹುದು. ಅಸಲಿಯ ಫ್ಲಾಪ್ ಹಿಂದಕ್ಕೆ ಜಾರಿ ಕೆಳಗಿಳಿಯುವ ಫೌಲರ್ ಜಾತಿಯದು, ಅದನ್ನು ಪಿಸ್ಟನ್ ಹಾಕಿ ಮಾಡುವ ಉತ್ಸಾಹ ಬೆಂಗಳೂರಿನ ಹಂತಕ್ಕೆ ಇಟ್ಟುಕೊಳ್ಳಿ. ಅರ್ಧ ಫ್ಲಾಪ್, ಪೂರ್ತಿ ಥ್ರಾಟಲ್, ವೇಗ ಗಂಟೆಗೆ 180 ಕಿಲೋಮೀಟರ್ ದಾಟಿದ ಮೇಲೆ ಮೂತಿಯನ್ನು ಮೆಲ್ಲಗೆ ಎತ್ತಿ. ಗಂಟೆಗೆ 150ರ ಸುಮಾರಿಗೆ ಅಸಲಿ ವಿಮಾನ ಹಿಡಿತ ಬಿಡುತ್ತಿತ್ತು, ಆದ್ದರಿಂದ ಇಳಿಯುವಾಗ ರನ್‌ವೇ ಮುಟ್ಟುವವರೆಗೂ 170ರ ಕೆಳಗೆ ಬರಬೇಡಿ. ಬದಿಗೆ ಹೊರಳುವುದು ನಿಧಾನವಾಗಿರಬೇಕು. ಲಿಬರೇಟರ್ ಹಾರಿಸಿದವರ ತೋಳು ಸೋತುಹೋಗುತ್ತಿತ್ತು, ಅಷ್ಟು ಗಟ್ಟಿ ಅದರ ಹಿಡಿತ. ಆಟದಲ್ಲಿ ಅದನ್ನು ತರಬೇಕೆಂದರೆ ರೆಕ್ಕೆತುದಿಯ ಹಲಗೆಗಳು ತಿರುಗುವ ಕೋನವನ್ನು ಕಡಿಮೆ ಮಾಡಿ. ನೇರ ಹಾರುವಾಗ ಬಾಲ ಆಚೀಚೆ ತೂಗಿದರೆ ಬಾಲದ ಹಲಗೆಗಳು ಚಿಕ್ಕವಾದವು ಎಂದು ತಿಳಿಯಿರಿ. ಮೂತಿ ಮೇಲೆ ಕೆಳಗೆ ಕುಣಿದರೆ ಮತ್ತೆ ಕೆಂಪು ಗುಂಡಿನ ಬಳಿಗೇ ಹೋಗಿ.

ಇಷ್ಟಾದ ಮೇಲೆ ಫೈಲನ್ನು ಬೇರೆ ಹೆಸರಿನಲ್ಲಿ ಉಳಿಸಿಕೊಳ್ಳಿ. ಇನ್ನು ಮುಂದಿನದು ಬೆಂಗಳೂರು.

ಹೊಟ್ಟೆಯ ಆಕಾರ ತಿದ್ದುವಾಗ ನೆನಪಿಡಬೇಕಾದ್ದು, ಅದು ಅಗಲಕ್ಕಿಂತ ಎತ್ತರ ಹೆಚ್ಚು. ದುಂಡು ಕೊಳವೆ ಮಾಡಿದರೆ ಬಿ-17ರ ಹೊಟ್ಟೆಯಾಗುತ್ತದೆ. ಬ್ಲಾಕಿನ ಮೂಲೆಗಳನ್ನು ಮಾತ್ರ ದುಂಡಗಾಗಿಸಿ, ಪಕ್ಕೆ ನೆಟ್ಟಗಿರಲಿ. ಎಂಜಿನ್ನಿನ ಮುಂಬಾಯಿಯೂ ದುಂಡಲ್ಲ, ಅಡ್ಡ ಮೊಟ್ಟೆಯಾಕಾರ. ಎರಡು ಪಕ್ಕದಲ್ಲಿ ಟರ್ಬೋಚಾರ್ಜರಿಗೂ ಎಣ್ಣೆ ತಣಿಸುವುದಕ್ಕೂ ಗಾಳಿದಾರಿ ಬಿಟ್ಟಿದ್ದರಿಂದ ಆ ಆಕಾರ ಬಂತು. ದೂರದಿಂದ ನೋಡಿ ಇದು ಲಿಬರೇಟರ್ ಎಂದು ಬಲ್ಲವರು ಗುರುತಿಸುವುದು ಬಾಲದಿಂದ ಎಷ್ಟೋ, ಈ ಬಾಯಿಯಿಂದ ಅಷ್ಟೇ. ಬ್ಲಾಕಿನ ಅಗಲದ ಅಳತೆಯನ್ನು ಎತ್ತರಕ್ಕಿಂತ ಕಾಲುಭಾಗ ಹೆಚ್ಚಿಸಿ ನೋಡಿ, ಹತ್ತಿರ ಬರುತ್ತದೆ.

ಬಾಂಬಿನ ಕೋಣೆಯ ಕದ ಇನ್ನೊಂದು ವಿಶೇಷ. ಬೇರೆ ಬಾಂಬರುಗಳಲ್ಲಿ ಕದ ಕೆಳಕ್ಕೆ ತೆರೆದು ಗಾಳಿಗೆ ಅಡ್ಡ ನಿಲ್ಲುತ್ತದೆ. ಇದರದ್ದು ಶಟರ್ ಜಾತಿ, ಪಕ್ಕೆಗುಂಟ ಮೇಲಕ್ಕೆ ಜಾರಿ ಹೋಗುತ್ತದೆ. ಬದಿಗೆರಡರಂತೆ ನಾಲ್ಕು ಕದ. ಒಳಗೆ ಹಿಂದಕ್ಕೂ ಮುಂದಕ್ಕೂ ಓಡಾಡಲು ನಡುವೆ ಒಂಬತ್ತು ಇಂಚು ಅಗಲದ ಒಂದು ಪಟ್ಟಿ, ಅಷ್ಟೇ. ಮಳೆಗಾಲದಲ್ಲಿ ಹಳ್ಳದ ಮೇಲೆ ಹಾಕಿದ ಅಡಿಕೆ ಮರದ ಸಂಕ ದಾಟಿದವರಿಗೆ ಅದರ ಅಂದಾಜು ಸಿಗುತ್ತದೆ, ಇಲ್ಲಿ ವ್ಯತ್ಯಾಸವೆಂದರೆ ಕೆಳಗಿರುವುದು 20,000 ಅಡಿ ಆಕಾಶ. ಕಾಲು ಜಾರಿದರೆ ಆ ತೆಳು ಕದ ಆಳಿನ ಭಾರ ತಡೆಯುತ್ತಿರಲಿಲ್ಲ. ಆಟದಲ್ಲಿ ಕದವನ್ನು ತಿರುಗುವ ಕೀಲಿನಲ್ಲಿ ಮಾಡುವುದು ಸುಲಭ, ಆದರೆ ಅದು ಲಂಕಾಸ್ಟರ್ ಕದ. ತೆಳುವಾದ ಹಲಗೆಯನ್ನು ಪಿಸ್ಟನ್ನಿಗೆ ಕಟ್ಟಿ, ಪಕ್ಕೆಯ ಹೊರಮೈಗೆ ತಾಗಿದಂತೆ ಮೇಲಕ್ಕೆ ಸರಿಯುವ ಹಾಗೆ ಮಾಡಿ. ನಾಲ್ಕಕ್ಕೂ ಒಂದೇ ಆಕ್ಟಿವೇಷನ್ ಗುಂಡಿ ಕೊಡಿ. ಹಲಗೆಯೂ ಹೊಟ್ಟೆಯೂ ಒಂದಕ್ಕೊಂದು ಡಿಕ್ಕಿ ಹೊಡೆಯುವುದನ್ನು ನಿಲ್ಲಿಸುವ ಆಯ್ಕೆ ಹಾಕಲು ಮರೆತರೆ ಗುಂಡಿ ಒತ್ತಿದ ಕ್ಷಣ ವಿಮಾನ ಸಿಡಿಯುತ್ತದೆ.

ಗಾಲಿಗಳ ವಿಚಾರದಲ್ಲಿ ಗಮನಿಸಬೇಕಾದ್ದು ಒಂದಿದೆ. ರೆಕ್ಕೆಯಡಿಯ ಎರಡು ದೊಡ್ಡ ಗಾಲಿಗಳು ಹಿಂದಕ್ಕಾಗಲಿ ಮುಂದಕ್ಕಾಗಲಿ ಮಡಚುವುದಿಲ್ಲ. ಹೊರಬದಿಗೆ, ರೆಕ್ಕೆಯ ತುದಿಯ ಕಡೆಗೆ ಎದ್ದು ರೆಕ್ಕೆಯೊಳಗೆ ಮಲಗುತ್ತವೆ. ಆಟದ ಸಿದ್ಧ ಗಾಲಿ ಹಾಕಿದರೆ ಇದು ಬರುವುದಿಲ್ಲ. 90 ಡಿಗ್ರಿ ತಿರುಗುವ ಕೀಲಿಗೆ ಕಂಬ, ಕಂಬಕ್ಕೆ 1.4 ಮೀಟರ್ ವ್ಯಾಸದ ಚಕ್ರ, ಹೀಗೆ ಕೈಯಿಂದ ಜೋಡಿಸಬೇಕು. ತೆಳು ರೆಕ್ಕೆಯಲ್ಲಿ ಚಕ್ರ ಪೂರ್ತಿ ಅಡಗುವುದಿಲ್ಲ, ಅಸಲಿಯಲ್ಲೂ ಅಡಗುತ್ತಿರಲಿಲ್ಲ, ಕೆಳಗಿನಿಂದ ಕಾಣುತ್ತಿತ್ತು. ಹಾಗೇ ಬಿಡಿ. ಮುಂಗಾಲಿಯನ್ನು ಪೈಲಟ್ ತಿರುಗಿಸಲು ಆಗುತ್ತಿರಲಿಲ್ಲ. ಬ್ರೇಕು ಮತ್ತು ಹೊರಗಿನ ಎಂಜಿನ್‌ಗಳನ್ನು ಒಂದು ಬದಿಗೆ ಹೆಚ್ಚು ಕಡಿಮೆ ಮಾಡಿ ನೆಲದಲ್ಲಿ ತಿರುಗಿಸುತ್ತಿದ್ದರು. ಆಟದಲ್ಲಿ ಮಾತ್ರ ಅದಕ್ಕೆ ತಿರುಗುವ ಶಕ್ತಿ ಕೊಟ್ಟುಬಿಡಿ, ಅಷ್ಟೊಂದು ನಿಷ್ಠೆ ಬೇಡ.

ಬಂದೂಕು ಹತ್ತು. ಮೂತಿಯಲ್ಲಿ ಎರಡು, ಬೆನ್ನಿನಲ್ಲಿ ಎರಡು, ಹೊಟ್ಟೆಯಡಿ ಎರಡು, ಬಾಲದಲ್ಲಿ ಎರಡು, ಸೊಂಟದ ಎರಡು ಕಿಟಕಿಗಳಲ್ಲಿ ಒಂದೊಂದು. ಇವೆಲ್ಲ ಗಾಳಿಯ ಎಳೆತ ಹೆಚ್ಚಿಸುತ್ತವೆ, ಫೋನಿಗೂ ಭಾರ. ಅಲಂಕಾರಕ್ಕಷ್ಟೇ ಇರುವ ಭಾಗಗಳಿಗೆ ಎಳೆತದ ಲೆಕ್ಕವನ್ನೇ ನಿಲ್ಲಿಸುವ ಸೌಲಭ್ಯ ಭಾಗದ ಗುಣಗಳನ್ನು ತಿದ್ದುವ ಕಿಟಕಿಯಲ್ಲಿದೆ. ಸಮುದ್ರ ಕಾವಲಿನ ಮಾದರಿ ಮಾಡುವವರಿಗೆ ಇನ್ನೂ ಸುಲಭ. ಅಂಥ ಲಿಬರೇಟರ್‌ಗಳಲ್ಲಿ ಹೊಟ್ಟೆಯಡಿಯ ಗೋಪುರದ ಜಾಗದಲ್ಲಿ ರೇಡಾರಿನ ಗುಮ್ಮಟ ಇರುತ್ತಿತ್ತು. ಒಂದು ದುಂಡು ಬ್ಲಾಕು ಇಟ್ಟರೆ ಕೆಲಸ ಮುಗಿಯಿತು. ನನ್ನ ಮನಸ್ಸು ಇದೇ ಮಾದರಿಯ ಕಡೆಗೆ. 20 ವರ್ಷದ ಭಾರತೀಯ ಸೇವೆಯಲ್ಲಿ ಇದು ಹೆಚ್ಚು ಕಾಲ ಮಾಡಿದ್ದು ಬಾಂಬು ಹಾಕುವುದಲ್ಲ, ಕಡಲು ನೋಡುವುದು.

ಬಣ್ಣಕ್ಕೆ ಬರುವಾಗ ಹಸಿರು, ಕಂದು ಬಳಿಯುವ ಆತುರ ಬೇಡ. ನಮ್ಮ ಲಿಬರೇಟರ್‌ಗಳು ಹಾರಿದ್ದು ಬಹುಪಾಲು ಬಣ್ಣವಿಲ್ಲದ ಲೋಹದ ಮೈಯಲ್ಲಿ. ಬೆಳ್ಳಿ ಬಣ್ಣ ಹಾಕಿ, ಹೊಳಪು ಸ್ವಲ್ಪ ತಗ್ಗಿಸಿ. ಗುರುತು ಯಾವುದು ಎಂಬುದು ನೀವು ಯಾವ ವರ್ಷದ ವಿಮಾನ ಕಟ್ಟುತ್ತೀರಿ ಎಂಬುದರ ಮೇಲೆ. 1948ರಿಂದ 1950ರವರೆಗೆ ವಾಯುಪಡೆಯ ಗುರುತು ಬಿಳಿಯ ಮೇಲೆ ನೀಲಿ ಅಶೋಕ ಚಕ್ರ. 1950ರಿಂದ ಈಗಿನ ವೃತ್ತ ಬಂತು, ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರು. ಚಕ್ರದ 24 ಕಡ್ಡಿಗಳನ್ನು ಆಟದ ತುಂಡುಗಳಲ್ಲಿ ಮಾಡುವುದು ತಲೆನೋವಿನ ಕೆಲಸ. ತಾಳ್ಮೆ ಇಲ್ಲದವರು 1950ರ ನಂತರದ ವಿಮಾನ ಕಟ್ಟುವುದು ಜಾಣತನ, ಮೂರು ದುಂಡು ಬಿಲ್ಲೆ ಒಂದರ ಮೇಲೊಂದು ಇಟ್ಟರೆ ಆಯಿತು. ನೋಂದಣಿ ಸಂಖ್ಯೆಗೆ ಎಚ್‌ಇ ಅಕ್ಷರಗಳನ್ನು ಬರೆಯಿರಿ. ಉದಾಹರಣೆಗೆ ಎಚ್‌ಇ 807, ನಿಜವಾಗಿಯೂ 6ನೇ ಸ್ಕ್ವಾಡ್ರನ್ನಿನಲ್ಲಿ ಇದ್ದ ವಿಮಾನ.

ಆ ಎಚ್‌ಇ 807 ಈಗ ಬ್ರಿಟನ್ನಿನ ಆರ್‌ಎಎಫ್ ಮ್ಯೂಸಿಯಂನಲ್ಲಿದೆ, 1974ರಲ್ಲಿ ಭಾರತ ಕೊಟ್ಟದ್ದು. ಕೆನಡಾದ ಒಟ್ಟಾವದಲ್ಲಿರುವುದೂ, ಅಮೆರಿಕದ ಅರಿಜೋನಾದ ಪೀಮಾ ಮ್ಯೂಸಿಯಂನಲ್ಲಿರುವುದೂ ಭಾರತದಿಂದಲೇ ಹೋದವು. 18,000ಕ್ಕೂ ಹೆಚ್ಚು ತಯಾರಿಸಿದ ದೇಶ ಯುದ್ಧ ಮುಗಿದ ಮೇಲೆ ಹೆಚ್ಚು ಕಡಿಮೆ ಎಲ್ಲವನ್ನೂ ಕರಗಿಸಿಬಿಟ್ಟಿತು. ಬೆಂಗಳೂರಿನಲ್ಲಿ ರಿಪೇರಿಯಾದವು ಉಳಿದುಕೊಂಡು ಅವರ ಮ್ಯೂಸಿಯಂ ಸೇರಿದವು. ಕಟ್ಟುವಾಗ ಒಳಗಿನ ಫೋಟೋ ಬೇಕಾದರೆ ಈ ಮೂರು ಮ್ಯೂಸಿಯಂಗಳ ವಿಮಾನಗಳ ಚಿತ್ರಗಳನ್ನೇ ಹುಡುಕಿ, ನಮ್ಮ ಮಾದರಿಗೆ ಅವೇ ಅತಿ ಹತ್ತಿರ. ದೆಹಲಿಯ ಕಡೆ ಹೋಗುವ ಪ್ರಸಂಗ ಬಂದರೆ ಪಾಲಂನ ವಾಯುಪಡೆ ಮ್ಯೂಸಿಯಂನಲ್ಲೂ ಒಂದು ಲಿಬರೇಟರ್ ಇದೆ. ತೆರೆದಿರುವ ದಿನ ವಿಚಾರಿಸಿಕೊಂಡು, ಫೋನಿನಲ್ಲಿ ನಿಮ್ಮ ಮಾದರಿಯನ್ನು ತೆರೆದಿಟ್ಟುಕೊಂಡೇ ಹೋಗಿ. ಎಂಜಿನ್ನಿನ ಬಾಯಿ ಮತ್ತು ಗಾಲಿಯ ಗೂಡು, ಇವೆರಡನ್ನು ಹತ್ತಿರ ನಿಂತು ನೋಡುವುದನ್ನು ಮಾತ್ರ ಬಿಡಬೇಡಿ.